ಪರದೆಯಲ್ಲಿ ಗುಡ್ಡೆ, ಕೈಯಲ್ಲಿ ಲೆವೆಲ್ ಪೈಪು

"ನೀವು ಕಟ್ಟ ಹಾಕಿ, ಬೇಡ ಹೇಳುವವ ನಾನಲ್ಲ. ಆದರೆ ನನ್ನ ತೋಟದಲ್ಲಿ ನೀರು ನಿಂತರೆ ಯಾರು ಹೊಣೆ?"

2024ರ ನವೆಂಬರ್ ಮೊದಲ ವಾರ. ತೋಡಿನ ಬದಿಯ ಏಳು ಮನೆಯವರು ನಮ್ಮ ಜಗಲಿಯಲ್ಲಿ ಸೇರಿದ್ದೆವು. ಮೇಲಿನ ತೋಟದ ಭಾವ ಎತ್ತಿದ ಪ್ರಶ್ನೆ ಇದು. ಯಾರಲ್ಲೂ ಉತ್ತರ ಇರಲಿಲ್ಲ. "ಏನೂ ಆಗ್ಲಿಕ್ಕಿಲ್ಲ ಮಾರಾಯ್ರೆ" ಅಂತ ಇಬ್ಬರು ಹೇಳಿದರು. ಹಾಗೆ ಹೇಳಿದ ಇಬ್ಬರ ತೋಟವೂ ಕಟ್ಟದ ಕೆಳಗೆ ಇರುವಂಥದ್ದು!

ವಿಷಯ ಇಷ್ಟು. ನಮ್ಮ ತೋಡಿಗೆ ಹಿಂದೆ ವರ್ಷವೂ ಕಟ್ಟ ಹಾಕುತ್ತಿದ್ದೆವು. ಆಳು ಸಿಗದಾಯಿತು, ಒಬ್ಬೊಬ್ಬರಾಗಿ ಕೊಳವೆಬಾವಿ ಕೊರೆಸಿದೆವು, ಕಟ್ಟ ಬಿಟ್ಟೇ ಹೋಯಿತು. 2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಏಪ್ರಿಲಿನಲ್ಲಿ ನಾಲ್ಕು ಮನೆಯ ಬಾವಿಯ ತಳ ಕಂಡಿತು. ನನ್ನದರಲ್ಲಿ ಪಂಪು ಇಪ್ಪತ್ತು ನಿಮಿಷಕ್ಕೆ ಗಾಳಿ ಎಳೆಯುತ್ತಿತ್ತು. ಅಡಿಕೆಯ ಎಳೆಮಿಡಿ ಉದುರುವುದನ್ನು ನೋಡಿಕೊಂಡು ಕೂರಬೇಕಾಯಿತು. ಹಾಗಾಗಿ ಮತ್ತೆ ಕಟ್ಟದ ಮಾತು ಬಂತು.

ಹಳೆಯ ಕಟ್ಟದ ಜಾಗದಲ್ಲಿ ಎರಡೂ ದಡ ಕೊರೆದು ಅಗಲವಾಗಿದೆ. ಅದಕ್ಕಿಂತ 140 ಮೀಟರ್ ಕೆಳಗೆ ಎರಡು ಬದಿಗೂ ಬಂಡೆ ಇದೆ, ನಡುವೆ 14 ಅಡಿ ಮಾತ್ರ. ಕಲ್ಲು, ಮಣ್ಣು, ಕೂಲಿ ಎಲ್ಲ ಅರ್ಧಕ್ಕರ್ಧ ಉಳಿಯುತ್ತದೆ. ಅಲ್ಲಿ ಆರು ಅಡಿ ಎತ್ತರಕ್ಕೆ ಹಾಕುವ ಅಂತ ನಮ್ಮ ಆಲೋಚನೆ. ಆ ಜಾಗದಿಂದ ಮೇಲಕ್ಕೆ 180 ಮೀಟರ್ ಹೋದರೆ ಭಾವನ ತೋಟದ ಕೆಳಮೂಲೆ. ಹಿನ್ನೀರು ಅಲ್ಲಿವರೆಗೆ ಬರುತ್ತದಾ, ಬಂದರೆ ಎಷ್ಟು ನಿಲ್ಲುತ್ತದೆ? ಅಡಿಕೆ ಬೇರಿಗೆ ನೀರು ಬೇಕು, ಆದರೆ ನೀರಿನಲ್ಲೇ ಕೂತಿರಲು ಆಗುವುದಿಲ್ಲ. ಭಾವ ಹೆದರಿದ್ದು ಸುಮ್ಮನೆ ಅಲ್ಲ.

ಆ ವಾರ ತಂಗಿಯ ಮಗಳು ರಜೆಯಲ್ಲಿ ನಮ್ಮಲ್ಲಿಗೆ ಬಂದಿದ್ದಳು. ಚಹಾ ತಂದುಕೊಟ್ಟವಳು ಮಾತು ಕೇಳಿ, "ಮಾವ, ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ನೋಡ್ಬಹುದಲ್ಲ, ದುಡ್ಡೂ ಬೇಡ" ಅಂದಳು. ಮುಂದಿನ ಹತ್ತು ದಿನ ನಾನು ಕಲಿತದ್ದನ್ನು, ಎಡವಿದ್ದನ್ನು ಇಲ್ಲಿ ಬರೆದಿದ್ದೇನೆ. ನನಗೆ 57 ವರ್ಷ. ಕಂಪ್ಯೂಟರಿನಲ್ಲಿ ಕರೆಂಟು ಬಿಲ್ಲು ಕಟ್ಟುವುದಕ್ಕಿಂತ ಹೆಚ್ಚು ಮಾಡಿದವ ಅಲ್ಲ.

ಮೊದಲ ಪಾಠ: ಅಳೆಯುವುದು

ಇವಕ್ಕೆ ಯಾವ ಸಾಫ್ಟ್‌ವೇರನ್ನೂ ಕಂಪ್ಯೂಟರಿಗೆ ತುಂಬಿಸಬೇಕಾಗಿಲ್ಲ. ನೆಟ್ ನೋಡುವ ಬ್ರೌಸರ್ ಇದೆಯಲ್ಲ, ಕ್ರೋಮ್, ಫೈರ್‌ಫಾಕ್ಸ್ ಯಾವುದಾದರೂ ಆಗುತ್ತದೆ. ಅದರಲ್ಲಿ ಗೂಗಲ್ ಅರ್ತ್ ತೆರೆದೆವು. 2017ರಿಂದ ಇದು ಬ್ರೌಸರಿನಲ್ಲೇ ಸಿಗುತ್ತಿದೆ. ಊರಿನ ಹೆಸರು ಬರೆದು ಹುಡುಕಿ, ಶಾಲೆಯ ಮಾಡು, ಮತ್ತೆ ನಮ್ಮ ಅಂಗಳ, ಅಂಗಳದಲ್ಲಿ ಹರಡಿದ ಅಡಿಕೆ! ಇದು ನೋಡಿಯೇ ನಮ್ಮಾಕೆ ಅರ್ಧ ಗಂಟೆ ಕೂತಳು.

ಅದರಲ್ಲಿ ಅಳತೆಪಟ್ಟಿಯ ಚಿತ್ರ ಒಂದಿದೆ. ಅದನ್ನು ಒತ್ತಿ, ಎರಡು ಕಡೆ ಚುಕ್ಕಿ ಇಟ್ಟರೆ ದೂರ ಹೇಳುತ್ತದೆ. ಸುತ್ತ ಚುಕ್ಕಿ ಇಡುತ್ತಾ ಬಂದು ಮೊದಲ ಚುಕ್ಕಿಗೆ ಮುಟ್ಟಿಸಿದರೆ ಸುತ್ತಳತೆಯೂ ವಿಸ್ತೀರ್ಣವೂ ಬರುತ್ತದೆ, ಎಕರೆಯಲ್ಲೇ ಬೇಕೆಂದರೆ ಎಕರೆಯಲ್ಲಿ. ಪೈಪ್‌ಲೈನಿಗೆ ಎಷ್ಟು ಮೀಟರ್ ಬೇಕು, ಬೇಲಿಗೆ ತಂತಿ ಎಷ್ಟು ಬೇಕು ಎಂಬಂಥ ಲೆಕ್ಕಕ್ಕೆ ಇದು ಧಾರಾಳ ಸಾಕು. ನಾನು ಪರೀಕ್ಷೆಗೆಂದು ನಮ್ಮ ಅಂಗಳದ ಉದ್ದ ಪರದೆಯಲ್ಲೂ ಟೇಪಿನಲ್ಲೂ ಅಳೆದೆ. ಒಂದು ಅಡಿಯ ಒಳಗೆ ತಾಳೆ ಬಿತ್ತು. ಆದರೆ ಇದು ಆಕಾಶದಿಂದ ನೋಡಿದ ಅಳತೆ. ಗುಡ್ಡೆ ಹತ್ತುವ ಪೈಪಿಗೆ ಏರಿನ ಉದ್ದ ಬೇರೆ ಸೇರಿಸಿಕೊಳ್ಳಬೇಕು. ನನ್ನ ಗೆಳೆಯರೊಬ್ಬರು ಇದನ್ನು ಮರೆತು ಪೈಪು ತಂದು, ಮತ್ತೆ ನಾಲ್ಕು ಲೆಂತ್ ತರಲು ಪೇಟೆಗೆ ಹೋದರು.

ಇನ್ನೊಂದು ಸೌಕರ್ಯ ಹಳೆಯ ಚಿತ್ರಗಳದ್ದು. 2024ರಿಂದ ಬ್ರೌಸರಿನಲ್ಲೂ ಹಿಂದಿನ ವರ್ಷಗಳ ಚಿತ್ರ ತಿರುಗಿಸಿ ನೋಡಬಹುದು. ನಮ್ಮ ತೋಡಿನ ತಲೆಯಲ್ಲಿರುವ ಗುಡ್ಡೆ ಹಳೆಯ ಚಿತ್ರದಲ್ಲಿ ಪೂರ್ತಿ ಕಾಡು. ಆಮೇಲಿನದ್ದರಲ್ಲಿ ಒಂದು ಬದಿ ರಬ್ಬರ್ ಸಾಲು, ಮತ್ತಿನದ್ದರಲ್ಲಿ ಕೆಂಪುಕಲ್ಲಿನ ಪಣೆಯ ಚೌಕಟ್ಟು. ದಿನಾ ಕಾಣುವ ಗುಡ್ಡೆಯೇ. ಆದರೆ ಒಟ್ಟಿಗೆ ಇಟ್ಟು ನೋಡಿದಾಗ ಏಳು ಮನೆಯವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಿತ್ರ ಯಾವ ತಿಂಗಳಿನದ್ದು ಎಂದೂ ನೋಡಿಕೊಳ್ಳಬೇಕು. ಮಾರ್ಚಿನ ಒಣಗುಡ್ಡೆಯನ್ನು ನವೆಂಬರಿನ ಹಸಿರು ಗುಡ್ಡೆಗೆ ಹೋಲಿಸಿ ಅಯ್ಯೋ ಎನ್ನುವುದು ಸರಿಯಲ್ಲ.

ನಮ್ಮ ತೋಡಿಗೆ ನೀರು ಎಷ್ಟು?

ಕಟ್ಟದ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ? ಸುತ್ತಲ ಗುಡ್ಡೆಗಳ ನೆತ್ತಿಯಲ್ಲಿ ಗೆರೆ ಎಳೆದರೆ, ಅದರ ಒಳಗೆ ಬಿದ್ದ ಮಳೆಯೆಲ್ಲ ನಮ್ಮ ತೋಡಿಗೆ, ಹೊರಗಿನದ್ದು ಬೇರೆಯವರಿಗೆ. ಪರದೆಯನ್ನು ಓರೆ ಮಾಡಿದರೆ ಗುಡ್ಡೆ ಎದ್ದು ಕಾಣುತ್ತದೆ, ನೆತ್ತಿ ಗುರುತಿಸುವುದು ಕಷ್ಟ ಅಲ್ಲ. ನಾವು ಎಳೆದ ಗೆರೆಯ ಒಳಗೆ 66 ಎಕರೆ ಬಂತು.

ಮರುದಿನ ಆ ಗೆರೆಯ ಮೇಲೆ ನಡೆದೆವು. ಜೊತೆಗೆ ಬಂದವರು ನಮ್ಮಲ್ಲಿ ಹಿಂದೆ ಕಟ್ಟದ ಕೆಲಸಕ್ಕೆ ಮುಂದಾಳಾಗಿದ್ದ ಹಿರಿಯರು. ಕಂಪ್ಯೂಟರ್ ಅಂದರೆ ಎಂತ ಅಂತ ಗೊತ್ತಿಲ್ಲ, ಆದರೆ ಯಾವ ಮಳೆಗೆ ಯಾವ ಓಣಿಯಲ್ಲಿ ನೀರು ಇಳಿಯುತ್ತದೆಂದು ಅವರಿಗೆ ಬಾಯಿಪಾಠ. ಪಂಚಾಯತ್ ರಸ್ತೆಯ ಹತ್ತಿರ ನಿಂತು ಅವರು ಹೇಳಿದರು: "ಇದು ನಮ್ಮ ನೀರಲ್ಲ. ರಸ್ತೆ ಮಾಡಿದ ಮೇಲೆ ಚರಂಡಿ ಹಿಡಿದು ಮೋರಿಯಲ್ಲಿ ಆಚೆ ತೋಡಿಗೆ ಹೋಗ್ತದೆ." ಹೌದು, ಪರದೆಗೆ ಮೋರಿ ಗೊತ್ತಿರಲಿಲ್ಲ. ನಾಲ್ಕು ಎಕರೆ ಕಳೆದೆವು. ಉಳಿದದ್ದು 62.

ಈಗ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಅಂದರೆ ಎಕರೆಗೆ ಒಂದು ಕೋಟಿ 60 ಲಕ್ಷ ಲೀಟರ್. 62 ಎಕರೆಗೆ ನೂರು ಕೋಟಿ ಲೀಟರ್! ನಾವು ಕಟ್ಟದ ಹಿಂದೆ ನಿಲ್ಲಿಸಲು ಹೊರಟದ್ದು ಹೆಚ್ಚೆಂದರೆ ಐದು-ಆರು ಲಕ್ಷ ಲೀಟರ್. ಸಾವಿರದಲ್ಲಿ ಒಂದು ಪಾಲೂ ಇಲ್ಲ.

"ಹಾಗಾದರೆ ಕಟ್ಟ ಯಾಕೆ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಕಟ್ಟದಲ್ಲಿ ನಿಂತ ನೀರಿನ ಅಳತೆಯಷ್ಟೇ ಅಲ್ಲ. ಮೇಲಿಂದ ಬಂದಷ್ಟೂ ದಿನ ಅದು ತುಂಬುತ್ತಾ, ಇಂಗುತ್ತಾ, ಸುತ್ತಲಿನ ಬಾವಿಯ ನೀರನ್ನು ಎತ್ತಿ ಹಿಡಿಯುತ್ತದೆ. ಆದರೆ ಆ 'ಬಂದಷ್ಟೂ ದಿನ' ಎಷ್ಟೆಂದು ತೀರ್ಮಾನ ಮಾಡುವುದು ಗುಡ್ಡೆ. ಪಣೆ, ರಬ್ಬರ್ ಚಿತ್ರ ನೋಡಿದ ಮೇಲೆ ಈ ಮಾತು ಎಲ್ಲರಿಗೂ ಬೇಗ ಹತ್ತಿತು. ಗುಡ್ಡೆಯಲ್ಲಿ ಇಂಗುಗುಂಡಿ ತೆಗೆಯುವ ವಿಷಯ ಆವತ್ತೇ ಬಂತು. ಅದು ಇನ್ನೂ ಮಾತಿನಲ್ಲೇ ಇದೆ ಎಂಬುದನ್ನೂ ಹೇಳಬೇಕು.

ಎಡವಿದ್ದು ಇಲ್ಲಿ

ಭಾವನ ಪ್ರಶ್ನೆಗೆ ಬೇಕಾದದ್ದು ದೂರ ಅಲ್ಲ, ಎತ್ತರ. ಇದಕ್ಕೆ ನಾವು ಎತ್ತರ ತೋರಿಸುವ ಬೇರೊಂದು ತಾಣ ತೆರೆದೆವು. ಬಾಣವನ್ನು ಕಟ್ಟದ ಜಾಗದಲ್ಲಿಟ್ಟರೆ 71 ಮೀಟರ್ ಅಂತ ಬಂತು. ಭಾವನ ತೋಟದ ಮೂಲೆಯಲ್ಲಿಟ್ಟರೆ 78. ಏಳು ಮೀಟರ್ ವ್ಯತ್ಯಾಸ ಎಂದರೆ 23 ಅಡಿ. ನಮ್ಮ ಕಟ್ಟ ಬರೀ ಆರಡಿ. ನಾನು ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿ, "ಏನೂ ಹೆದರಬೇಡಿ, ಕಂಪ್ಯೂಟರಿನಲ್ಲಿ ನೋಡಿ ಆಯಿತು" ಅಂದೆ.

ಭಾವ ಸಂಜೆ ನಡೆದುಕೊಂಡೇ ಬಂದರು. ಪರದೆಯನ್ನು ನೋಡಿದರು, ಕನ್ನಡಕ ತೆಗೆದರು. "ಭಾವ, ವರ್ಷವೂ ಆ ಕಣಿ ಬಿಡಿಸುವವ ನಾನು. ಅಷ್ಟು ಇಳಿಜಾರು ಇದ್ದರೆ ತೋಡಿನ ನೀರು ಓಡಬೇಕಿತ್ತು. ಅಲ್ಲಿ ನೀರು ಓಡುವುದಿಲ್ಲ, ನಡೆಯುತ್ತದೆ" ಅಂದರು.

ನನಗೆ ಉತ್ತರ ತೋಚಲಿಲ್ಲ. ಆ ರಾತ್ರಿ ತಂಗಿಯ ಮಗಳು ಈ ಎತ್ತರದ ಅಂಕಿ ಎಲ್ಲಿಂದ ಬಂದದ್ದು ಅಂತ ಹುಡುಕಿ ಓದಿ ಹೇಳಿದಳು. ಕಥೆ ಸ್ವಾರಸ್ಯದ್ದು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ, ರೇಡಾರ್ ಅಲೆ ಬಿಟ್ಟು ಜಗತ್ತಿನ ನೆಲದ ಶೇ. 80ರಷ್ಟು ಭಾಗದ ಎತ್ತರ ಅಳೆಯಿತು. ಪುಕ್ಕಟೆ ಸಿಗುವ ಬಹಳಷ್ಟು ನಕ್ಷೆಗಳಲ್ಲಿ ಎತ್ತರಕ್ಕೆ ಆಧಾರ ಇದು, ಅಥವಾ ಆಮೇಲೆ ಇದೇ ಬಗೆಯಲ್ಲಿ ರೇಡಾರಿನಿಂದ ಅಳೆದದ್ದು. ಇದರಲ್ಲಿ 30 ಮೀಟರಿಗೆ ಒಂದು ಅಂಕಿ. 30 ಮೀಟರ್ ಉದ್ದ, 30 ಮೀಟರ್ ಅಗಲ ಎಂದರೆ 22 ಸೆಂಟ್ಸ್ ಜಾಗ. ಅಷ್ಟಕ್ಕೂ ಸೇರಿ ಒಂದೇ ಎತ್ತರ. ನಮ್ಮ ತೋಡು, ತೋಡಿನ ದಡ, ಪಕ್ಕದ ಬರೆ ಎಲ್ಲ ಅದರೊಳಗೆ ಬಂತು.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ರೇಡಾರ್ ಅಲೆ ದಟ್ಟ ಮರಗಳ ಕೆಳಗಿನ ನೆಲಕ್ಕೆ ಪೂರ್ತಿ ಇಳಿಯುವುದಿಲ್ಲ. ಮೇಲಿನ ಸೋಗೆ, ಎಲೆಗಳಿಗೆ ತಾಗಿ ಹಿಂದೆ ಬರುತ್ತದೆ. ಹಾಗಾಗಿ ಕಾಡು, ತೋಟ ಇರುವಲ್ಲಿ ಅಂಕಿಯ ಒಳಗೆ ಮರದ ಎತ್ತರದ ಒಂದು ಭಾಗವೂ ಸೇರಿಕೊಂಡಿರುತ್ತದೆ. ಕಟ್ಟದ ಜಾಗ ಬಂಡೆ, ಪಕ್ಕದಲ್ಲಿ ಹಡಿಲು ಬಿದ್ದ ಗದ್ದೆ. ಮೇಲೆ ಬೋಳು. ಭಾವನದ್ದು ಅಜ್ಜನ ಕಾಲದ ತೋಟ, ಐವತ್ತು-ಅರುವತ್ತು ಅಡಿ ಎತ್ತರದ ಮರಗಳು. ನಾವು ನೆಲಕ್ಕೂ ನೆಲಕ್ಕೂ ವ್ಯತ್ಯಾಸ ನೋಡಿದ್ದೇವೆ ಅಂದುಕೊಂಡಿದ್ದೆವು. ನೋಡಿದ್ದು ಗದ್ದೆಗೂ ಅಡಿಕೆ ಸೋಗೆಗೂ ಇರುವ ವ್ಯತ್ಯಾಸ!

ಹಾಗಾದರೆ ಗುಡ್ಡೆಯ ನೆತ್ತಿಯ ಗೆರೆಯೂ ತಪ್ಪಾ? ಅಲ್ಲ. ಗುಡ್ಡೆಗೂ ತೋಡಿಗೂ ನೂರಾರು ಅಡಿ ವ್ಯತ್ಯಾಸ ಇರುವಾಗ ಹತ್ತು-ಹದಿನೈದು ಅಡಿ ತಪ್ಪಿನಿಂದ ನೆತ್ತಿ ಜಾಗ ಬಿಟ್ಟು ಓಡುವುದಿಲ್ಲ. ಚಪ್ಪಟೆ ಕಣಿವೆಯಲ್ಲಿ ಇಂಚಿನ ಪ್ರಶ್ನೆಗೆ ಅದೇ ಅಂಕಿಯಿಂದ ಉತ್ತರ ಕೇಳಿದ್ದು ನಮ್ಮ ದಡ್ಡತನ.

ಲೆವೆಲ್ ಪೈಪು ಹೇಳಿದ್ದು

ಇಂಚಿನ ಉತ್ತರಕ್ಕೆ ಮೇಸ್ತ್ರಿಗಳ ಲೆವೆಲ್ ಪೈಪೇ ಬೇಕಾಯಿತು. 20 ಮೀಟರಿಗಿಂತ ಸ್ವಲ್ಪ ಉದ್ದದ ಪಾರದರ್ಶಕ ಪೈಪು. ಖರ್ಚು ಐನೂರು ರೂಪಾಯಿಯ ಒಳಗೆ. ಎರಡು ನೇರ ಕೋಲಿಗೆ ಅಡಿ-ಇಂಚಿನ ಗೀಟು ಹಾಕಿ, ಪೈಪಿನ ಎರಡು ತುದಿಗಳನ್ನು ಕೋಲುಗಳಿಗೆ ಕಟ್ಟಿದೆವು. ಪೈಪಿಗೆ ನೀರು ತುಂಬುವಾಗ ಒಳಗೆ ಗಾಳಿಗುಳ್ಳೆ ಉಳಿಯಬಾರದು. ಒಂದು ಗುಳ್ಳೆ ಇದ್ದರೆ ಸಾಕು, ಲೆಕ್ಕ ಹಾಳು. ಬಕೆಟ್ಟನ್ನು ಎತ್ತರದಲ್ಲಿಟ್ಟು ಬಾಯಿಯಿಂದ ಎಳೆದು ತುಂಬಿಸುವುದು ಸುಲಭ.

ಒಂದು ಕೋಲು ಕಟ್ಟದ ಜಾಗದಲ್ಲಿ ತೋಡಿನ ತಳಕ್ಕೆ, ಇನ್ನೊಂದು 20 ಮೀಟರ್ ಮೇಲೆ ತೋಡಿನ ತಳಕ್ಕೆ. ನೀರು ಎರಡು ಕಡೆಯೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎರಡು ಕೋಲಿನಲ್ಲಿ ಓದಿದ ಅಂಕಿಯ ವ್ಯತ್ಯಾಸವೇ ಆ 20 ಮೀಟರಿನ ಏರು. ಬರೆದುಕೊಂಡು ಮುಂದಿನ 20 ಮೀಟರಿಗೆ. ಹೀಗೆ ಒಂಬತ್ತು ಸಲ. ಇಬ್ಬರು ಕೋಲಿಗೆ, ಒಬ್ಬರು ಬರೆಯಲು. ಬರೆದದ್ದು ಭಾವ, ಅದು ನಾವು ಬೇಕೆಂದೇ ಮಾಡಿದ್ದು. ನಾವು ಬರೆದು ಲೆಕ್ಕ ತೋರಿಸಿದರೆ ಅನುಮಾನ ಉಳಿಯುತ್ತಿತ್ತು.

ಹೋಗುವಾಗ ಒಂದು ಸಲ, ಬರುವಾಗ ಮತ್ತೊಂದು ಸಲ ಅಳೆದೆವು. ಎರಡಕ್ಕೂ ಒಂದು ಇಂಚು ವ್ಯತ್ಯಾಸ ಬಂತು. ಅದು ಪರವಾಗಿಲ್ಲ. ಒಟ್ಟು ಏರು 5 ಅಡಿ 4 ಇಂಚು. ಪರದೆ ಹೇಳಿದ 23 ಅಡಿ ಎಲ್ಲಿ, ಇದೆಲ್ಲಿ!

ಭಾವನ ತೋಟದ ಕಣಿಗಳು ತೋಡಿಗೆ ಬಂದು ಸೇರುವ ಬಾಯಿ ತೋಡಿನ ತಳಕ್ಕಿಂತ ಅರ್ಧ ಅಡಿ ಮೇಲೆ. ಕಟ್ಟದ ಬುಡದಿಂದ ಲೆಕ್ಕ ಹಾಕಿದರೆ 5 ಅಡಿ 10 ಇಂಚು. ಆರಡಿ ಕಟ್ಟ ಹಾಕಿದ್ದರೆ ನೀರು ಕಣಿಬಾಯಿಗಿಂತ ಎರಡು ಇಂಚು ಮೇಲೆ ನಿಲ್ಲುತ್ತಿತ್ತು. ಕಟ್ಟದ ಮೇಲಿನಿಂದ ನೀರು ಹರಿಯುವಾಗ ಮತ್ತೂ ಮೂರು-ನಾಲ್ಕು ಇಂಚು ಏರುತ್ತದೆ, ಅದನ್ನೂ ಸೇರಿಸಬೇಕು. ಮೇಲ್ನೋಟಕ್ಕೆ ತೋಟ ಒಣಗಿದ ಹಾಗೇ ಇರುತ್ತಿತ್ತು. ಆದರೆ ಕಣಿಯೊಳಗೆ ನೀರು ತಿರುಗಿ ಬಂದು, ಡಿಸೆಂಬರಿನಿಂದ ಬೇರಿನ ಕೆಳಗೆ ಕೂರುತ್ತಿತ್ತು. ಎರಡು ವರ್ಷ ಬಿಟ್ಟು ಸೋಗೆ ಹಳದಿಯಾದಾಗ ಯಾವ ರೋಗ ಅಂತ ಹುಡುಕುತ್ತಾ ಇರುತ್ತಿದ್ದೆವೋ ಏನೋ.

ಕಟ್ಟದ ಎತ್ತರ ಐದಡಿಗೆ ಇಳಿಸಿದೆವು. ಕಣಿಬಾಯಿಗೂ ನೀರಿಗೂ 10 ಇಂಚು ಅಂತರ, ಹರಿಯುವಾಗಲೂ ಆರು ಇಂಚು. ಭಾವ ತಮ್ಮ ನೋಟುಪುಸ್ತಕದಲ್ಲಿ ತಾವೇ ಎರಡು ಸಲ ಕೂಡಿಸಿ ಕಳೆದು, "ಆಗಬಹುದು" ಅಂದರು.

ಬೇರೆ ಕೆಲವು ತಾಣಗಳು

ಜಿಯೋಜೇಸನ್ ಡಾಟ್ ಐಒ ಎಂಬುದು ತುಂಬ ಸರಳ. ತೆರೆದ ಕೂಡಲೇ ನಕ್ಷೆ. ಖಾತೆ, ಪಾಸ್‌ವರ್ಡ್ ಬೇಡ. ಅದರಲ್ಲಿ ಬಾವಿಗೆ ಚುಕ್ಕಿ, ಪೈಪಿಗೆ ಗೆರೆ, ತೋಟಕ್ಕೆ ಆವರಣ ಎಳೆದು ಹೆಸರು ಬರೆಯಬಹುದು. ಮುಗಿದ ಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮುಚ್ಚಿದಾಗ ಮಾಡಿದ ಕೆಲಸ ಕಳೆದುಹೋಗಬಹುದು. ಒಂದು ಸಂಜೆಯ ಕೆಲಸ ನಾನು ಹಾಗೇ ಕಳೆದುಕೊಂಡಿದ್ದೇನೆ. ಇಳಿಸುವಾಗ ಕೆಎಂಎಲ್ ಎಂಬುದನ್ನು ಆರಿಸಿದರೆ ಅದೇ ಕಡತ ಗೂಗಲ್ ಅರ್ತ್‌ನಲ್ಲೂ ತೆರೆಯುತ್ತದೆ. ಚಿಕ್ಕ ಕಡತ, ವಾಟ್ಸಾಪಿನಲ್ಲಿ ಏಳು ಮನೆಗೂ ಕಳಿಸಿದೆವು. ನೆಲದಡಿಯ ಪೈಪ್‌ಲೈನ್ ಎಲ್ಲಿ ಹೋಗಿದೆ, ಗೇಟ್‌ವಾಲ್ವ್ ಎಲ್ಲಿದೆ ಎಂದು ಒಮ್ಮೆ ಗುರುತಿಸಿ ಇಟ್ಟರೆ ಸಾಕು, ಹಾರೆ ಹಾಕುವಾಗ ಪೈಪು ಒಡೆಯುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಕೆಲಸ ಇದು. ನನ್ನ ತಲೆಯಲ್ಲಿ ಮಾತ್ರ ಇದ್ದ ನಕ್ಷೆ ಈಗ ಮಕ್ಕಳಿಗೂ ಸಿಕ್ಕಿತು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ಜನರೇ ಮಾಡುವ ನಕ್ಷೆ. ಯಾರೂ ತಮ್ಮ ಊರನ್ನು ಸೇರಿಸಬಹುದು, ಹೆಸರುಗಳನ್ನು ಕನ್ನಡದಲ್ಲೂ ಹಾಕಬಹುದು. ನಮ್ಮ ಊರಿನ ಪುಟ ತೆರೆದರೆ ಡಾಮರು ರಸ್ತೆ, ಶಾಲೆ ಬಿಟ್ಟರೆ ಖಾಲಿ. ಮಡಕ ಇಲ್ಲ, ಸುರಂಗ ಇಲ್ಲ, ತೋಡಿಗೆ ಹೆಸರಿಲ್ಲ. ತೋಡಿನ ಹೆಸರು ಹಾಕಿದೆವು. ಒಂದು ಎಚ್ಚರ: ಗೂಗಲ್ ನಕ್ಷೆಯಿಂದ ನೋಡಿ ಇದಕ್ಕೆ ನಕಲು ಮಾಡಬಾರದು, ಅದು ಅವರ ಹಕ್ಕಿನದ್ದು. ನಾವೇ ನಡೆದು ನೋಡಿದ್ದನ್ನು ಹಾಕಬೇಕು. ಸಾಮಾನ್ಯರು ನಕ್ಷೆ ಮಾಡಬಹುದಾ ಎಂಬ ಅನುಮಾನ ಕೆಲವರಿಗೆ ಇದೆ. 2021ರ ಫೆಬ್ರವರಿ 15ರಂದು ಕೇಂದ್ರ ಸರಕಾರ ನಿಯಮ ಸಡಿಲಿಸಿ, ಭಾರತೀಯರು ನಕ್ಷೆ ತಯಾರಿಸಲು ಮುಂಚಿತ ಅನುಮತಿ ಬೇಡ ಎಂದಿದೆ. ಸೂಕ್ಷ್ಮ ಜಾಗಗಳ ವಿಷಯ ಮಾತ್ರ ಬೇರೆ.

ಭುವನ್ ನಮ್ಮ ಇಸ್ರೋದ್ದು, 2009ರಲ್ಲಿ ಶುರುವಾದದ್ದು. ಭೂಬಳಕೆ, ನೆಲದ ಬಗೆ, ಅಂತರ್ಜಲ ಸಿಗುವ ಸಾಧ್ಯತೆ ಹೀಗೆ ಬೇರೆಬೇರೆ ಪದರಗಳನ್ನು ಅದರಲ್ಲಿ ನೋಡಬಹುದು. ಅಂತರ್ಜಲದ ನಕ್ಷೆ ಎಂದ ಕೂಡಲೇ ಕೊಳವೆಬಾವಿಗೆ ಪಾಯಿಂಟ್ ಸಿಕ್ಕಿತು ಅಂತ ಕುಣಿಯಬೇಡಿ. ಅದರ ಅಳತೆ 1:50,000, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದಲ್ಲಿ ಅರ್ಧ ಕಿಲೋಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಅದೇ 25 ಮೀಟರ್ ಆಯಿತು. ಊರಿನ ಈ ಬದಿ ಒಳ್ಳೆಯದಾ, ಆ ಬದಿಯಾ ಎಂದು ಹೇಳಬಹುದು. ಹಲಸಿನ ಮರದ ಬುಡವಾ, ದನದ ಕೊಟ್ಟಿಗೆಯ ಹಿಂದೆಯಾ ಎಂದು ಹೇಳಲಾರದು.

ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಐದು ದಿನಕ್ಕೊಮ್ಮೆ ಬರುತ್ತದೆ. ಕೊಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು. ಹಸಿರೆಲೆ ಕೆಂಪು ಬೆಳಕನ್ನು ಹೀರುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ಲೆಕ್ಕದಿಂದ ಬೆಳೆ ಎಲ್ಲಿ ಹುಲುಸು, ಎಲ್ಲಿ ಸೊರಗಿದೆ ಎಂದು ಬಣ್ಣದಲ್ಲಿ ತೋರಿಸುತ್ತಾರೆ. ಬಯಲುಸೀಮೆಯಲ್ಲಿ ಹತ್ತಾರು ಎಕರೆ ಒಂದೇ ಬೆಳೆ ಇರುವಲ್ಲಿ ಇದು ಕೆಲಸಕ್ಕೆ ಬರಬಹುದು. ಕೆರೆಯ ನೀರಿನ ಹರವು ತಿಂಗಳಿಂದ ತಿಂಗಳಿಗೆ ಎಷ್ಟು ಕುಗ್ಗಿತೆಂದೂ ಚೆನ್ನಾಗಿ ಕಾಣುತ್ತದೆ, ಆಳ ಕಾಣುವುದಿಲ್ಲ. ನಮಗೆ? ಅದರ ಒಂದು ಚುಕ್ಕಿ ಎಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಎರಡೂವರೆ ಸೆಂಟ್ಸ್. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಅಷ್ಟರೊಳಗೆ ಹದಿಮೂರು ಅಡಿಕೆ ಮರ, ನಡುವೆ ಬಾಳೆ, ಮರಕ್ಕೆ ಕರಿಮೆಣಸು. ಎಲ್ಲ ಸೇರಿ ಒಂದು ಬಣ್ಣ. ಎಲೆಚುಕ್ಕಿ ಬಂದ ಒಂದು ಮರ ಅದರಲ್ಲಿ ಎಲ್ಲಿ ಕಾಣಬೇಕು! ಕೊಳೆರೋಗದ ಕಾಲದಲ್ಲಿ ನೋಡೋಣ ಎಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಿತ್ರದ ತುಂಬ ಮೋಡ. ಬೆಳಗ್ಗೆ ತಲೆಯೆತ್ತಿಕೊಂಡು ತೋಟಕ್ಕೆ ಒಂದು ಸುತ್ತು ಬರುವುದೇ ಹೆಚ್ಚು ಲಾಭ.

ಗಡಿ ವಿಷಯಕ್ಕೆ ಮಾತ್ರ ಬೇಡ

ಇದೊಂದನ್ನು ಒತ್ತಿ ಹೇಳಬೇಕು. ನಕ್ಷೆಯ ಹುಚ್ಚಿನಲ್ಲಿ ನಾನು ಮೊಬೈಲಿನಲ್ಲಿ ಸರ್ವೆ ನಂಬ್ರ ತೋರಿಸುವ ಒಂದು ಆಪ್ ತೆರೆದು ಬೇಲಿಯ ಬದಿಯಲ್ಲಿ ನಡೆದೆ. ಗೆರೆ ನೆರೆಯವರ ಜಾಗದ ಒಳಗೆ ಆರು ಮೀಟರ್ ಹೋಗಿತ್ತು. "ಅವರ ಎರಡು ಸಾಲು ಅಡಿಕೆ ನಮ್ಮದು!" ಒಂದು ಕ್ಷಣ ಮನಸ್ಸು ಹಾಗೆ ಹೇಳಿತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಬದಿಗೆ ಹೋಗಿ ನೋಡಿದರೆ ಅಲ್ಲಿ ಅಷ್ಟೇ ಅಳತೆ ನಮ್ಮ ಜಾಗದ ಒಳಗೆ ಬಂದಿತ್ತು. ಇಡೀ ಗೆರೆಯೇ ಒಂದು ಬದಿಗೆ ಜಾರಿದೆ, ಅಷ್ಟೆ. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ಹೇಳುತ್ತದೆ, ಸೋಗೆಯ ಕೆಳಗೆ ಇನ್ನೂ ಹೆಚ್ಚು. ಉಪಗ್ರಹ ಚಿತ್ರವೂ ಕೆಲವೊಮ್ಮೆ ಸ್ವಲ್ಪ ಸರಿದು ಕೂತಿರುತ್ತದೆ. ಉದ್ದ-ಅಗಲ ಸರಿ ಇದ್ದರೂ ಜಾಗ ಸರಿ ಇರಬೇಕೆಂದಿಲ್ಲ. ಗಡಿಯ ಪ್ರಶ್ನೆ ಇದ್ದರೆ ಎಫ್‌ಎಂಬಿ ನಕ್ಷೆ, ಸರ್ವೆ ಕಲ್ಲು, ಸರ್ವೆಯರ್, ಇವೇ ದಾರಿ. ಪರದೆ ತೋರಿಸಿ ನೆರೆಯವರ ಹತ್ತಿರ ಮಾತು ಶುರು ಮಾಡಬೇಡಿ.

ಖರ್ಚಿನ ವಿಷಯ ಹಲವರು ಕೇಳುತ್ತಾರೆ. ತಾಣಗಳಿಗೆ ಹಣ ಇಲ್ಲ, ನೆಟ್ಟಿಗೆ ಮಾತ್ರ. ಉಪಗ್ರಹ ಚಿತ್ರ ನೋಡುವಾಗ ಡಾಟಾ ಬೇಗ ಮುಗಿಯುತ್ತದೆ. ನಮ್ಮಲ್ಲಿ ಟವರ್ ಸರಿ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಹಾಗಾಗಿ ಈ ಕೆಲಸವೆಲ್ಲ ಅಡಿಕೆ ಅಂಗಳದಲ್ಲಿ ಸ್ಟೂಲು ಹಾಕಿ ಆದದ್ದು. ಮೊಬೈಲಿನಲ್ಲೂ ತೆರೆಯುತ್ತದೆ, ಆದರೆ ಗೆರೆ ಎಳೆಯಲು ನಮ್ಮ ಬೆರಳು ದಪ್ಪ. ದೊಡ್ಡ ಪರದೆ, ಮೌಸ್ ಇದ್ದರೆ ಒಳ್ಳೆಯದು.

ಕಟ್ಟ ಡಿಸೆಂಬರ್ ಎರಡನೇ ವಾರ ಮುಗಿಯಿತು. ಕಲ್ಲು, ಮಣ್ಣು, ಅಡಿಕೆ ಸಲಾಕೆ, ನಡುವೆ ಪ್ಲಾಸ್ಟಿಕ್ ಹಾಳೆ. ಏಳು ಮನೆಯವರು ಮೂರು ದಿನ ದುಡಿದೆವು. ನನ್ನ ಬಾವಿಯಲ್ಲಿ 2025ರ ಮಾರ್ಚ್ ಕೊನೆಗೂ ಪಂಪು ಒಂದೂವರೆ ಗಂಟೆ ಓಡಿತು. ಇದೆಲ್ಲ ಕಟ್ಟದ ಮಹಿಮೆ ಎಂದು ನಾನು ಹೇಳುವುದಿಲ್ಲ. 2024ರಲ್ಲಿ ಮಳೆಯೂ ಚೆನ್ನಾಗಿತ್ತು. ಮಳೆ ಕಡಿಮೆಯಾದ ಒಂದು ವರ್ಷ ದಾಟಿದ ಮೇಲೆ ಲೆಕ್ಕ ಸರಿಯಾಗಿ ಗೊತ್ತಾಗಬೇಕು.

ಭಾವ ತಮ್ಮ ಕಣಿಬಾಯಿಯ ಹತ್ತಿರ ಒಂದು ಅಡಿಕೆ ಸಲಾಕೆಗೆ ಇಂಚಿನ ಗೀಟು ಹಾಕಿ ತೋಡಿನಲ್ಲಿ ನೆಟ್ಟಿದ್ದಾರೆ. ಫೆಬ್ರವರಿಯಲ್ಲಿ ನಾನು ಹೋದಾಗ ನೀರು ಕಣಿಬಾಯಿಯಿಂದ 7 ಇಂಚು ಕೆಳಗೆ ಹರಿಯುತ್ತಿತ್ತು. "ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟುಂಟು?" ಅಂತ ಕೇಳಿ ನಕ್ಕರು.